ಆಚಂದ್ರಾರ್ಕದ ಮಾತು

ಹೊಸಪೇಟೆಯಿಂದ ಕಂಪ್ಲಿಯತ್ತಲಾಗಲಿ ಸಂಡೂರಿನ ಗುಡ್ಡಗಳತ್ತಲಾಗಲಿ ಹೊರಟವರಿಗೆ, ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೊರೆದ ದಾನಶಾಸನಗಳು ಅಪರೂಪವಲ್ಲ. ರವಿಚಂದ್ರರಿರುವ ತನಕ ದತ್ತಿ ನಡೆಯತಕ್ಕದ್ದೆಂಬುದು ಆ ಚಿಹ್ನೆಗಳ ಅರ್ಥ. ಬೈಬಲಿನ 89ನೆಯ ಕೀರ್ತನೆಯನ್ನು ಓದುವಾಗ ನನಗೆ ಈ ಕಲ್ಲುಗಳ ನೆನಪಾಗುತ್ತದೆ. ದಾವೀದನ ಸಿಂಹಾಸನವು ಸೂರ್ಯಚಂದ್ರರಂತೆ ಸ್ಥಿರವಾಗಿರುವುದೆಂದು ದೇವರು ಕೊಟ್ಟ ಭಾಷೆ ಅಲ್ಲಿದೆ; ಆ ಕಿರೀಟ ಮಣ್ಣುಪಾಲಾಯಿತೆಂಬ ಗೋಳೂ ಅದೇ ಕೀರ್ತನೆಯಲ್ಲಿದೆ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಕೈಗೊಂಡರು. ದೇವರು ಕೊಟ್ಟ ಇಂಥ ಭಾಷೆಗೆ ಇಂದಿನ ಕನ್ನಡ ಬೈಬಲು ಬಳಸುವ ಶಬ್ದ ‘ಒಡಂಬಡಿಕೆ’. ಸೊಗಸಾದ ಶಬ್ದವೇ, ಆದರೆ ಒಡಂಬಡಲು ಇಬ್ಬರು ಬೇಕಷ್ಟೆ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ, ಸೀಳಿಟ್ಟ ಪಶುಗಳ ನಡುವೆ ಹಾದುಹೋಗುವುದು ದೇವರ ಬೆಂಕಿಯೊಂದೇ, ಅಬ್ರಹಾಮನಿಗೆ ಗಾಢನಿದ್ರೆ. ಇದು ಕರಾರಿಗಿಂತ ದತ್ತಿಗೆ ಹತ್ತಿರ. ಸೀನಾಯಿ ಬೆಟ್ಟದ ಒಡಂಬಡಿಕೆಯಲ್ಲಾದರೋ ಜನರೂ ಮಾತು ಕೊಟ್ಟಿದ್ದಾರೆ. ಮೋಷೆ ವೈನ್‌ಫೆಲ್ಡ್ ಎಂಬ ವಿದ್ವಾಂಸರು 1970ರಲ್ಲಿ, ಪಶ್ಚಿಮ ಏಷ್ಯದ ಪ್ರಾಚೀನ ರಾಜಶಾಸನಗಳ ನೆರವಿನಿಂದ ಈ ಭೇದವನ್ನು ತೋರಿಸಿದರು. ಕರಾರಿನಲ್ಲಿ ಶಾಪ ತಟ್ಟುವುದು ಮಾತಿಗೆ ತಪ್ಪಿದ ಸಾಮಂತನಿಗೆ. ದತ್ತಿಯಲ್ಲಿ, ಅದನ್ನು ಅಪಹರಿಸಿದವನಿಗೆ. ನಮ್ಮ ಶಾಸನಗಳ ಶಾಪಾಶಯ ಎರಡನೆಯ ಬಗೆಯದು.

ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮು ಬಿದ್ದಿತು, 1565ರಲ್ಲಿ ವಿಜಯನಗರ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ 1510ರ ಶಾಸನ ನಿಂತಿದೆ, ಪೂಜೆಯೂ ನಡೆದಿದೆ, ಅರಸುತನವಿಲ್ಲ. ಹಾಗಾದರೆ ಆಚಂದ್ರಾರ್ಕವೆಂದ ಮಾತೇನಾಯಿತು? ಭವಿಷ್ಯವಾಣಿ ಬೆಳೆಯುವುದು ಈ ಪ್ರಶ್ನೆಯಿಂದಲೇ ಎಂದು ನನ್ನೆಣಿಕೆ. ವಿದ್ಯಾರಣ್ಯರ ಹೆಸರಿನ ಕಾಲಜ್ಞಾನವು ವಿಜಯನಗರದಲ್ಲಿ ನಡೆದುಹೋದುದನ್ನೇ ಮುಂದಾಗುವುದೆಂಬಂತೆ ನುಡಿಯುತ್ತದೆ. ವೀರವಸಂತರಾಯ ಬಂದು ಆಳುವನೆಂದು ಕನ್ನಡದ ಕಾಲಜ್ಞಾನಗಳು ಕಾದಿವೆ. ದಾನಿಯೇಲನ ಗ್ರಂಥವೂ ಬಾಬಿಲೋನಿನ ಸೆರೆಯಲ್ಲಿ ನುಡಿದಂತಿದ್ದರೂ, ಅಂತಿಯೋಕಸನ ಹಿಂಸೆಯ ದಿನಗಳಲ್ಲಿ, ಕ್ರಿ.ಪೂ. 165ರ ಆಸುಪಾಸಿನಲ್ಲಿ, ಈ ರೂಪ ತಳೆಯಿತೆಂಬುದು ಬಹುಮಂದಿ ವಿದ್ವಾಂಸರ ಮತ.

ಕ್ರೈಸ್ತರಲ್ಲಿ ಈ ವಿಷಯಕ್ಕೆ ಒಮ್ಮತವಿಲ್ಲ. ‘ಪ್ರಕಟನೆ’ಯ 20ನೆಯ ಅಧ್ಯಾಯ ಹೇಳುವ ಸಾವಿರ ವರ್ಷಗಳ ಆಳ್ವಿಕೆಯನ್ನು ಸಂತ ಆಗಸ್ಟೀನನು ಸಭೆಯ ಕಾಲವೆಂದೇ ಅರ್ಥೈಸಿದನು. ಹತ್ತೊಂಬತ್ತನೆಯ ಶತಮಾನದ ಜಾನ್ ಡಾರ್ಬಿಯಾದರೋ, ಇಸ್ರಾಯೇಲಿಗೆ ಕೊಟ್ಟ ಮಾತು ಇಸ್ರಾಯೇಲಿಗೇ, ಈ ನೆಲದ ಮೇಲೆಯೇ ಸಲ್ಲಬೇಕೆಂದನು. ಶಾಸನ ಓದಿ ಬಳಕೆಯಾದ ನನಗೆ ಡಾರ್ಬಿಯ ಹಟ ಅರ್ಥವಾಗುತ್ತದೆ: ದತ್ತಿ ಪಡೆದವನ ಹೆಸರನ್ನು ತಿದ್ದಲಾಗದು. ಆದರೆ ಅಂತ್ಯಕಾಲದ ವರ್ಷವನ್ನು ಗುಣಿಸಿ ಹೇಳುವವರನ್ನು ನಂಬಲಾರೆ. ಕೀರ್ತನೆಕಾರನು ಲೆಕ್ಕ ಹಾಕಿಲ್ಲ; ಇದು ಎಲ್ಲಿಯವರೆಗೆ ಎಂದು, ಮಾತು ಕೊಟ್ಟವನನ್ನೇ ಕೇಳಿದ್ದಾನೆ.