ಅಂಗೈಯ ಕೆಂಪು

ನಲವತ್ತು ದಾಟಿದ ಮೇಲೆ ನಾನು ಕಾಂಗಾ ಕಲಿಯಲು ಕುಳಿತೆ. ನಮ್ಮ ಆರ್ಕೆಸ್ಟ್ರಾದವರು ‘ತುಂಬಾ’ ಎನ್ನುವ ಎತ್ತರದ ಚರ್ಮವಾದ್ಯ ಅದು. ಅಂಗೈಯ ಬುಡ, ಬೆರಳ ತುದಿ ಎಂದು ಸರದಿಯಲ್ಲಿ ಬಡಿಯುವುದೇ ಮೊದಲ ಪಾಠ. ವಾರದಲ್ಲಿ ಕೈ ಕೆಂಪಾಯಿತು. “ಹೆಂಗಸಿಗೇಕಮ್ಮಾ ಇದೆಲ್ಲ?” ಎಂದರು ಅತ್ತೆ.

ಈ ಪ್ರಶ್ನೆ ಹಳೆಯದು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪರಂಪರೆಯಿಂದ ಕ್ಯೂಬಾದಲ್ಲಿ ರೂಪುಗೊಂಡ ವಾದ್ಯವಿದು. ಅಲ್ಲಿಯೂ ಬಡಿಯುವ ಕೈ ಹೆಚ್ಚಾಗಿ ಗಂಡಸಿನದೇ ಆಗಿತ್ತು. ಪೂಜೆಯ ಬಾಟಾ ಡೋಲುಗಳನ್ನಂತೂ ಹೆಂಗಸರು ಮುಟ್ಟುವಂತಿರಲಿಲ್ಲ. ಆದರೂ 1932ರಲ್ಲಿ ಹವಾನಾದ ಕುಚೀಟೊ ಕಾಸ್ಟ್ರೊ ಅಕ್ಕತಂಗಿಯರೊಡನೆ ‘ಅನಕಾವೋನಾ’ ಎಂಬ ಹೆಂಗಸರದೇ ವಾದ್ಯಮೇಳ ಕಟ್ಟಿದರು. ಮುಂದೆ 11 ಸೋದರಿಯರೂ ಅದರಲ್ಲಿ ನುಡಿಸಿದರು. 1938ರಲ್ಲಿ ಮೇಳ ಪ್ಯಾರಿಸ್‌ಗೂ ಹೋಗಿಬಂತು.

ಇದನ್ನು ಅತ್ತೆಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ರಾತ್ರಿ ಕೊಬ್ಬರಿಎಣ್ಣೆಯ ಬಟ್ಟಲು ತಂದು, “ಎಲ್ಲಿ, ಕೈ ಚಾಚು” ಎಂದರು.