ಮರೆಯ ಬಾಣವೂ ತಾಳಮದ್ದಳೆಯ ಮರ್ಯಾದೆಯೂ

ಕಣ್ಣಿಗೆ ಕಾಣದ ವೈರಿಯೊಡನೆ ಕಾದುವುದು ಕಷ್ಟ. ಅಂತಹ ಕಾಳಗವನ್ನು ಆಟದಲ್ಲಿ ತೋರಿಸುವುದು ಅದಕ್ಕಿಂತಲೂ ಕಷ್ಟ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಮಾತಿನಿಂದ ಯುದ್ಧವನ್ನು ನಡೆಯಿಸುವ ತಾಳಮದ್ದಳೆಯಲ್ಲಂತೂ ಈ ತೊಡಕು ಇಮ್ಮಡಿಯಾಗುವುದು. ಮಂಗಳೂರಿನ ಪೂರ್ವಕ್ಕೆ ಬಂಟವಾಳದ ಹಾದಿಯಲ್ಲಿ, ಇಂದು ರೈಲು ಜಂಕ್ಷನ್ನಿನ ಗದ್ದಲದ ನಡುವೆ ಇರುವ ಪಡೀಲ್ ಮೊದಲ್ಗೊಂಡು ಕಾಸರಗೋಡಿನ ತನಕ ಹಬ್ಬಿದ ಈ ಸೀಮೆಯಲ್ಲಿ, ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ ಮಳೆಗಾಲದ ರಾತ್ರಿಗಳಲ್ಲಿ ಈ ಕೂಟಗಳು ಚಾವಡಿಗಳಲ್ಲಿ ನಡೆದುಬಂದವು. ಭಾಗವತನು ನಡುವೆ, ಅರ್ಥಧಾರಿಗಳು ಎರಡು ಪಕ್ಷವಾಗಿ ಎದುರುಬದುರು. ರಾಮನಿಗೂ ವಾಲಿಗೂ ನಡುವಣ ಅಂತರ ನಾಲ್ಕು ಮೊಳಕ್ಕೆ ಮಿಕ್ಕದು. ಅಲ್ಲಿ ಮರವೆಲ್ಲಿ, ಮರೆಯೆಲ್ಲಿ?

ಇದಕ್ಕೆ ಹಿಂದಿನವರು ಕಂಡುಕೊಂಡ ಪರಿಹಾರವು ರೂಢಿಯಿಂದ ಬೆಳೆದುದು. ಅರ್ಥಧಾರಿಯು ತಾನು ಬಲ್ಲುದನ್ನೆಲ್ಲ ಆಡಲಾಗದು. ತನ್ನ ಪಾತ್ರವು ಆ ಗಳಿಗೆಯಲ್ಲಿ ಬಲ್ಲುದನ್ನು ಮಾತ್ರವೇ ಆಡತಕ್ಕುದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದಗಳನ್ನು ಕೇಳಿ ಬೆಳೆದ ಜನರಿಗೆ ವಾಲಿಯ ಗತಿಯೇನೆಂಬುದು ಮೊದಲೇ ಗೊತ್ತು. ವಾಲಿಗೆ ಗೊತ್ತಿಲ್ಲ. ರಾಮನು ಸುಗ್ರೀವನಿಗೆ ಸಖನಾದ ಸಂಗತಿಯನ್ನು ತಾರೆಯು ಅಂಗದನಿಂದ ಕೇಳಿ ಗಂಡನಿಗೆ ತಿಳಿಸಿದಳೆಂದು ವಾಲ್ಮೀಕಿಯಲ್ಲಿದೆ. ಆದುದರಿಂದ ಸಖ್ಯವನ್ನು ವಾಲಿಯು ಬಲ್ಲನು. ಮರದ ಮರೆಯಲ್ಲಿ ಬಿಲ್ಲು ಬಾಗುತ್ತಿರುವುದನ್ನು ಅರಿಯನು. ಬಾಣವು ತಾಗುವ ಮುನ್ನ ಆ ಮರೆಯ ಕುರಿತು ಒಂದು ಚುಚ್ಚುಮಾತನ್ನು ತೇಲಿಬಿಡುವ ವಾಲಿಯು ಎಷ್ಟೇ ವಾಗ್ಮಿಯಾಗಿರಲಿ, ಕೂಟವನ್ನು ಕೆಡಿಸಿದಂತೆಯೇ ಸರಿ.

ಅಡಗಿದವನಿಗೂ ಕಟ್ಟುಪಾಡುಂಟು. ಮೊದಲ ದ್ವಂದ್ವದಲ್ಲಿ ಅಣ್ಣತಮ್ಮಂದಿರ ರೂಪಸಾಮ್ಯದಿಂದ ರಾಮನು ಬಾಣ ಬಿಡಲಾರದೆ ಹೋದನು. ಸುಗ್ರೀವನು ಪೆಟ್ಟುತಿಂದು ಓಡಿದನು. ಎರಡನೆಯ ಸಲ ಗಜಪುಷ್ಪಿಯ ಬಳ್ಳಿಯನ್ನು ಅವನ ಕೊರಳಿಗೆ ತೊಡಿಸಿ ಕಳುಹಬೇಕಾಯಿತು. ಮರೆಯಲ್ಲಿರುವವನು ಕಾಣಿಸಿಕೊಳ್ಳನು, ನಿಜ. ಆದರೆ ಅವನಿಗೂ ಎಲ್ಲವೂ ಕಾಣದು.

ಬಾಣವು ಬಿಟ್ಟೊಡನೆ ಮರೆಯು ಮುಗಿಯಿತು. ಬಿದ್ದವನ ಮುಂದೆ ರಾಮನು ಬಂದು ನಿಲ್ಲಲೇಬೇಕು, ಕೇಳಿದುದಕ್ಕೆ ಉತ್ತರ ಕೊಡಲೇಬೇಕು. ಪ್ರಸಂಗದ ನಿಜವಾದ ಯುದ್ಧವು ಅಲ್ಲಿಂದಲೇ ಆರಂಭ. ತಮ್ಮನ ಮಡದಿ ರುಮೆಯನ್ನು ಇಟ್ಟುಕೊಂಡವನಿಗೆ ಇದು ದಂಡನೆಯೆಂದು ರಾಮನು ಹೇಳುವನು. ಮೃಗಗಳನ್ನು ಅಡಗಿ ಹೊಡೆಯುವುದು ಬೇಟೆಯ ಧರ್ಮವೆಂದೂ ಹೇಳುವನು. ನಾನು ಮೃಗವಾದರೆ ಮನುಷ್ಯರ ದಾಂಪತ್ಯನೀತಿ ನನಗೇಕೆ, ಮನುಷ್ಯನಂತೆ ದಂಡ್ಯನಾದರೆ ಬೇಟೆಯ ಬಾಣವೇಕೆ ಎಂದು ವಾಲಿಯು ಹಿಡಿದರೆ ರಾಮನ ಅರ್ಥಧಾರಿಗೆ ಬೆವರು ಬರುವುದು. ವಾಲಿಯ ಪಾತ್ರದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಪಡೆದ ಕೀರ್ತಿಯನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಬೇಕಾದುದಿಲ್ಲ.

ದೂರದ ಅಮೇರಿಕೆಯಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿಯೂ ಮೇಜಿನ ಸುತ್ತ ಕುಳಿತವರು ಪಾತ್ರಗಳಾಗಿ ಮಾತಿನಲ್ಲಿಯೇ ಕಾದುವರು. ಅದರ 2014ರ ನಿಯಮಗ್ರಂಥದ ಪ್ರಕಾರ, ಕಾಣದ ವೈರಿಗೆ ಹೊಡೆಯುವವನು ದಾಳವನ್ನು ಎರಡು ಸಲ ಉರುಳಿಸಿ ಕಡಮೆ ಬಿದ್ದುದನ್ನೇ ಎಣಿಸತಕ್ಕುದು. ಅಡಗಿ ಹೊಡೆದವನ ನೆಲೆಯು, ಪೆಟ್ಟು ತಾಗಲಿ ತಪ್ಪಲಿ, ಬಯಲಾಗುವುದು. ಅಲ್ಲಿ ದಾಳವು ಮಾಡುವ ಕೆಲಸವನ್ನು ಇಲ್ಲಿ ಅರ್ಥಧಾರಿಯ ಸಂಯಮವೇ ಮಾಡಬೇಕು.

ಇಂದ್ರಜಿತುವಿನದು ಬೇರೆಯೇ ಬಗೆ. ಅವನಿಗೆ ಮರವೂ ಬೇಡ. ಮಾಯೆಯಿಂದ ಆಕಾಶದಲ್ಲಿ ಮರೆಯಾಗಿ ರಾಮಲಕ್ಷ್ಮಣರನ್ನು ಸರ್ಪಬಾಣಗಳಿಂದ ಕಟ್ಟಿಹಾಕಿದನು. ಅವನನ್ನು ಕಾಣಬಲ್ಲವನು ವಿಭೀಷಣನೊಬ್ಬನೇ. ಮಹಾಭಾರತದ ರಾಮೋಪಾಖ್ಯಾನದಲ್ಲಿ ಮಾತ್ರ ಕುಬೇರನು ನೀರನ್ನು ಕಳುಹಿಸುತ್ತಾನೆ. ಅದರಿಂದ ಕಣ್ಣು ತೊಳೆದವರಿಗೆ ಅದೃಶ್ಯರೂ ಕಾಣುವರು. ವಾಲ್ಮೀಕಿಯಲ್ಲಿ ಆ ಸುಲಭೋಪಾಯವಿಲ್ಲ. ನಿಕುಂಭಿಲೆಯ ಹೋಮವನ್ನು ಕೆಡಿಸಿ, ಅವನನ್ನು ನೆಲದ ಮೇಲೆ ಎದುರುಬದುರು ನಿಲ್ಲಿಸಿಯೇ ಲಕ್ಷ್ಮಣನು ಕೊಂದನು. ಕಾಣದವನನ್ನು ಕಾಣುವಂತೆ ಮಾಡಿ ಕೊಲ್ಲುವ ಈ ಕ್ರಮವೇ ಹೆಚ್ಚು ಗಂಭೀರವಾದುದು. ಅರ್ಥಕ್ಕೂ ಇಂಬು ಇಲ್ಲಿಯೇ ಹೆಚ್ಚು.

ಅದಕ್ಕೆ ಮುನ್ನ ಒಂದು ಸಂದರ್ಭವುಂಟು. ರಾಕ್ಷಸಕುಲವನ್ನೆಲ್ಲ ಬ್ರಹ್ಮಾಸ್ತ್ರದಿಂದ ಸುಟ್ಟುಬಿಡುವೆನೆಂದು ಲಕ್ಷ್ಮಣನು ಕೆರಳಿದಾಗ ರಾಮನು ತಡೆಯುತ್ತಾನೆ. ಒಬ್ಬನಿಗಾಗಿ ಎಲ್ಲರನ್ನೂ ಕೊಲ್ಲಲಾಗದೆಂದು ಹೇಳಿ, ಕೊಲ್ಲಬಾರದವರನ್ನು ಎಣಿಸುತ್ತಾನೆ: ಕಾದದವನು, ಕೈಮುಗಿದವನು, ಶರಣಾದವನು, ಓಡುವವನು. ಆ ಎಣಿಕೆಯಲ್ಲಿ ಅಡಗಿರುವವನೂ ಸೇರಿದ್ದಾನೆ. ಮರೆಯಲ್ಲಿ ನಿಂತು ಹೊಡೆದವನ ಬಾಯಿಂದಲೇ ಮರೆಹೊಕ್ಕವನಿಗೆ ಅಭಯ! ವಾಲಿಯ ಅರ್ಥಧಾರಿಗೆ ಇದಕ್ಕಿಂತ ಹರಿತವಾದ ಅಸ್ತ್ರವಿನ್ನೊಂದಿಲ್ಲ.

ಆದರೆ ಅದು ಯುದ್ಧಕಾಂಡದ ಮಾತು. ವಾಲಿಯು ಸತ್ತುದು ಕಿಷ್ಕಿಂಧಾಕಾಂಡದಲ್ಲಿ. ಸಂಸ್ಕೃತ ಬಲ್ಲ ಅರ್ಥಧಾರಿಯು ನಾಲಗೆಯ ತುದಿಗೆ ಬಂದ ಆ ಮಾತನ್ನು ನುಂಗಿಕೊಂಡು, ಎದೆಯ ಬಾಣವನ್ನು ಮಾತ್ರ ತೋರಿಸಿ, ಮುಂದಿನ ಪದಕ್ಕಾಗಿ ಭಾಗವತನ ಕಡೆಗೆ ನೋಡುತ್ತಾನೆ.