ರದ್ದಾದ ಪಾಸ್‌ಪೋರ್ಟಿನ ಬೆಲೆ

ಪಾಸ್‌ಪೋರ್ಟಿನಲ್ಲಿ ನಮ್ಮ ಹೆಸರಿದೆ, ಚಿತ್ರವಿದೆ, ಸಹಿಯಿದೆ. ಆದರೂ ಅದು ನಮ್ಮ ಸ್ವತ್ತಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಯಾವತ್ತೂ ಕೇಂದ್ರ ಸರ್ಕಾರದ ಆಸ್ತಿ. ಆ ಪುಸ್ತಿಕೆಯ ಒಳಪುಟದಲ್ಲಿ ಬೇರೊಂದು ದೇಶದ ಮುದ್ರೆ ಇರಬಹುದು: ಈ ವ್ಯಕ್ತಿ ನಮ್ಮಲ್ಲಿ ಕಾಯಂ ಆಗಿ ನೆಲೆಸಬಹುದು ಎಂದು. ಪುಸ್ತಿಕೆ ಒಂದು ಸರ್ಕಾರದ್ದು, ಹಕ್ಕು ಕೊಟ್ಟದ್ದು ಇನ್ನೊಂದು ಸರ್ಕಾರ. ಪುಸ್ತಿಕೆಯ ಅವಧಿ ಮುಗಿದರೆ ಹಕ್ಕಿನ ಪುರಾವೆ ಏನಾಗಬೇಕು?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಹೋಟೆಲು, ಗಿರಣಿ, ಬ್ಯಾಂಕಿನ ಕೆಲಸಕ್ಕೆಂದು ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಮುಂಬಯಿಗೆ ಬಂದವರು ಕ್ರಮೇಣ ಲೋಕಲ್ ರೈಲಿನ ದಾರಿ ಹಿಡಿದು ಈ ಊರುಗಳಿಗೆ ಹರಡಿದರು. ಅವರ ಮಕ್ಕಳು ಗಲ್ಫಿಗೆ, ಬ್ರಿಟನ್ನಿಗೆ, ಅಮೆರಿಕಕ್ಕೆ, ಕೆನಡಾಕ್ಕೆ ಹೋದರು. ಅಲ್ಲಿ ಕಾಯಂ ವಾಸದ ಹಕ್ಕು ಪಡೆದ ಮೇಲೂ ಹಲವರು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದಾರೆ. ಊರಿಗೆ ಬಂದಾಗ ಅವಧಿ ಮುಗಿಯುವುದು ಗಮನಕ್ಕೆ ಬಂದರೆ ಥಾಣೆಯ ವಾಗಳೆ ಎಸ್ಟೇಟಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಓಡಬೇಕು. ಒಂದು ಕಾಲದ ಆ ಕೈಗಾರಿಕಾ ವಸಾಹತಿನಲ್ಲಿ ಹಳೆಯ ಪುಸ್ತಿಕೆಗೆ ರದ್ದು ಮುದ್ರೆ ಬೀಳುತ್ತದೆ.

ಹಿಂದೆ ಈ ತೊಡಕು ಇಷ್ಟಿರಲಿಲ್ಲ. ಮೊದಲ ಮಹಾಯುದ್ಧದ ನಂತರ, 1920ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ರಾಷ್ಟ್ರಸಂಘದ ಸಮ್ಮೇಳನ ಪಾಸ್‌ಪೋರ್ಟಿಗೆ 32 ಪುಟಗಳ ಪುಸ್ತಿಕೆಯ ಮಾದರಿ ಹಾಕಿಕೊಟ್ಟಿತು. ಅದೇ ವರ್ಷ ಭಾರತಕ್ಕೂ ಪಾಸ್‌ಪೋರ್ಟ್ ಕಾಯ್ದೆ ಬಂತು. ಹಳೆಯ ಪುಸ್ತಿಕೆಗಳಲ್ಲಿ ನವೀಕರಣಕ್ಕೆಂದೇ ಜಾಗವಿತ್ತು. ಅವಧಿ ಮುಗಿದರೆ ಅಧಿಕಾರಿ ಅಲ್ಲಿ ಹೊಸ ತಾರೀಖು ಬರೆದು ಮುದ್ರೆ ಒತ್ತುತ್ತಿದ್ದ. ಪುಸ್ತಿಕೆ ಅದೇ, ಸಂಖ್ಯೆ ಅದೇ, ಪರದೇಶದ ಮುದ್ರೆಯೂ ಇದ್ದಲ್ಲೇ ಇರುತ್ತಿತ್ತು.

ಯಂತ್ರ ಓದಬಲ್ಲ ಪಾಸ್‌ಪೋರ್ಟ್ ಬಂದ ಮೇಲೆ ಅದು ಸಾಧ್ಯವಾಗಲಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರ ನವೆಂಬರ್ 24ನ್ನು ಕೊನೆಯ ದಿನವೆಂದು ಗೊತ್ತುಮಾಡಿತು. ಕೈಬರಹದ ಪಾಸ್‌ಪೋರ್ಟ್ ಹೊಂದಿದ್ದ ಭಾರತೀಯರೆಲ್ಲ ಹೊಸದನ್ನು ಪಡೆಯಬೇಕಾಯಿತು. ಇಪ್ಪತ್ತು ವರ್ಷದ ಅವಧಿಯ ಪುಸ್ತಿಕೆ ಇದ್ದವರೂ ಇದರಲ್ಲಿ ಸೇರಿದ್ದರು. ನಾವು ಇಂದಿಗೂ ‘ರಿನ್ಯೂ ಮಾಡಿಸಬೇಕು’ ಎನ್ನುತ್ತೇವೆ. ಆದರೆ ನಡೆಯುವುದು ಮರುವಿತರಣೆ: ಪುಸ್ತಿಕೆ ಹೊಸದು, ಸಂಖ್ಯೆಯೂ ಹೊಸದು. ಎರಡನ್ನೂ ಬೆಸೆಯುವುದು ಕೊನೆಯ ಪುಟದಲ್ಲಿ ಅಚ್ಚಾಗುತ್ತ ಬಂದಿರುವ ಒಂದು ಸಾಲು, ಹಳೆಯ ಪಾಸ್‌ಪೋರ್ಟಿನ ಸಂಖ್ಯೆ. 2018ರ ಜನವರಿಯಲ್ಲಿ ಸರ್ಕಾರ ಆ ಪುಟವನ್ನೇ ಅಚ್ಚು ಹಾಕುವುದಿಲ್ಲವೆಂದು ಹೇಳಿ, ಅದೇ ತಿಂಗಳ ಕೊನೆಗೆ ನಿರ್ಧಾರ ಹಿಂತೆಗೆದುಕೊಂಡಿತು.

ವಾಸದ ಹಕ್ಕು ಕೊಡುವ ದೇಶಗಳು ಈ ತೊಡಕಿಗೆ ತಮ್ಮದೇ ದಾರಿ ಹುಡುಕಿದವು. ಅಮೆರಿಕ ಎರಡನೇ ಮಹಾಯುದ್ಧದ ನಂತರ ಗ್ರೀನ್ ಕಾರ್ಡ್ ಎಂಬ ಪ್ರತ್ಯೇಕ ಚೀಟಿ ಕೊಟ್ಟಿತು. ಆದರೂ ಹೊಸದಾಗಿ ಹೋದವರಿಗೆ ಕಾರ್ಡು ಕೈಸೇರುವವರೆಗೆ, ಪಾಸ್‌ಪೋರ್ಟಿನಲ್ಲಿರುವ ಮುದ್ರೆ ಬಿದ್ದ ವೀಸಾವೇ ಒಂದು ವರ್ಷದ ಪುರಾವೆ. ಕೆನಡಾ 2002ರ ಜೂನ್ 28ರಿಂದ ಕಾರ್ಡು ಕೊಡತೊಡಗಿತು. ಬ್ರಿಟನ್ನಿನ ಕಾರ್ಡು ಬಂದದ್ದು 2008ರ ಕೊನೆಗೆ. ಅದಕ್ಕೂ ಮೊದಲು ನೆಲೆಸಿದ ಅನೇಕರ ಹಕ್ಕು ಪಾಸ್‌ಪೋರ್ಟಿನ ಪುಟದಲ್ಲೇ ಇತ್ತು. ಕಾಯಂ ಅಲ್ಲದಿದ್ದರೂ ಗಲ್ಫಿನ ವಾಸದ ಪರವಾನಗಿಯ ಕಥೆಯೂ ಇದೇ. ಯುಎಇ 2022ರ ಏಪ್ರಿಲ್‌ನಲ್ಲಿ ಪಾಸ್‌ಪೋರ್ಟಿಗೆ ಸ್ಟಿಕ್ಕರ್ ಅಂಟಿಸುವುದನ್ನು ನಿಲ್ಲಿಸಿತು; ಎಮಿರೇಟ್ಸ್ ಐಡಿಯೇ ಈಗ ಪುರಾವೆ.

ಕಾಗದ ಕಳೆದರೇನು, ಹಕ್ಕು ಸರ್ಕಾರದ ಕಡತದಲ್ಲಿ ಇದ್ದೇ ಇರುತ್ತದಲ್ಲ ಎನ್ನುವವರು ಬ್ರಿಟನ್ನಿನ ವಿಂಡ್‌ರಷ್ ಪ್ರಕರಣವನ್ನು ನೋಡಬೇಕು. 1948ರಿಂದ ಕೆರಿಬಿಯನ್ ದ್ವೀಪಗಳಿಂದ ಕಾನೂನುಬದ್ಧವಾಗಿಯೇ ಬಂದು ನೆಲೆಸಿದವರು ಅವರು. ಕೆಲವರು ಮಕ್ಕಳಾಗಿದ್ದಾಗ ಹೆತ್ತವರ ಪಾಸ್‌ಪೋರ್ಟಿನಲ್ಲೇ ಬಂದಿದ್ದರು. 1971ರ ವಲಸೆ ಕಾಯ್ದೆ ಅವರ ವಾಸದ ಹಕ್ಕನ್ನು ಒಪ್ಪಿತ್ತು, ಆದರೆ ಎಲ್ಲರ ಕೈಗೂ ಕಾಗದ ಕೊಡಲಿಲ್ಲ. ಅವರು ಬಂದಿಳಿದಾಗಿನ ಚೀಟಿಗಳನ್ನು ಗೃಹ ಇಲಾಖೆ 2010ರಲ್ಲಿ ನಾಶಮಾಡಿತು. ಮುಂದೆ ಕೆಲಸ, ಬಾಡಿಗೆ ಮನೆ, ಚಿಕಿತ್ಸೆ, ಎಲ್ಲದಕ್ಕೂ ಪುರಾವೆ ಕೇಳುವ ಕಾಲ ಬಂತು. ದಶಕಗಟ್ಟಲೆ ತೆರಿಗೆ ಕಟ್ಟಿದವರು ಕೆಲಸ ಕಳೆದುಕೊಂಡರು, ಬಂಧನಕ್ಕೊಳಗಾದರು, ಕೆಲವರನ್ನು ಗಡೀಪಾರೂ ಮಾಡಲಾಯಿತು. 2018ರಲ್ಲಿ ವಿಷಯ ಬಯಲಾಗಿ ಗೃಹ ಸಚಿವೆ ಆ್ಯಂಬರ್ ರಡ್ ರಾಜೀನಾಮೆ ಕೊಟ್ಟರು. ಪರಿಹಾರ ಯೋಜನೆ ಕೆರಿಬಿಯನ್ನರಿಗೆ ಮಾತ್ರವಲ್ಲ, ಭಾರತವೂ ಸೇರಿ ಕಾಮನ್‌ವೆಲ್ತ್ ದೇಶಗಳಿಂದ ಬಂದವರಿಗೂ ಅನ್ವಯಿಸಿತು. ಹಕ್ಕು ಅವರದ್ದೇ ಆಗಿತ್ತು. ತೋರಿಸಲು ಚೀಟಿ ಇರಲಿಲ್ಲ, ಅಷ್ಟೇ.

ಈಗ ಕಾರ್ಡೂ ಮಾಯವಾಗುತ್ತಿದೆ. ಬ್ರಿಟನ್ನಿನ ವಾಸದ ಕಾರ್ಡುಗಳಲ್ಲಿ ಹೆಚ್ಚಿನವು 2024ರ ಡಿಸೆಂಬರ್ 31ಕ್ಕೆ ಮುಗಿದವು. ಅವುಗಳ ಜಾಗಕ್ಕೆ ಇ-ವೀಸಾ ಬಂದಿದೆ. ಅದು ಜೋಡಣೆಯಾಗಿರುವುದು ಮಾತ್ರ ಮತ್ತೆ ಪಾಸ್‌ಪೋರ್ಟಿಗೇ. ವಾಗಳೆ ಎಸ್ಟೇಟಿನಲ್ಲಿ ಹೊಸ ಪುಸ್ತಿಕೆ ಪಡೆದವರು ಅದರ ವಿವರವನ್ನು ತಮ್ಮ ಖಾತೆಗೆ ಸೇರಿಸದಿದ್ದರೆ ಮರಳಿ ಹೊರಡುವಾಗ ತೊಡಕಾಗಬಹುದು. ಪಾಸ್‌ಪೋರ್ಟನ್ನು ಪರದೇಶದಲ್ಲೇ ಮಾಡಿಸುವವರನ್ನು ಅಲ್ಲಿನ ಭಾರತೀಯ ದೂತಾವಾಸವೂ ವಾಸದ ದಾಖಲೆ ಕೇಳುತ್ತದೆ. ಒಂದಕ್ಕೆ ಇನ್ನೊಂದು ಸಾಕ್ಷಿ.

ಈ ನೂರು ವರ್ಷಗಳಲ್ಲಿ ಪುರಾವೆ ಪುಟದಿಂದ ಕಾರ್ಡಿಗೆ, ಕಾರ್ಡಿನಿಂದ ಕಂಪ್ಯೂಟರಿಗೆ ಹೋಯಿತು. ಅದನ್ನು ಜೋಪಾನ ಮಾಡುವ ಹೊಣೆ ಮಾತ್ರ ಪ್ರತಿ ಸಲವೂ ಹಕ್ಕುದಾರರ ಮೇಲೆಯೇ ಬಿತ್ತು. ಹಾಗಾಗಿ ಅರ್ಜಿ ಹಾಕುವ ಮೊದಲೇ ಹಳೆಯ ಪುಸ್ತಿಕೆಯ ಪ್ರತಿ ಪುಟದ ಜೆರಾಕ್ಸ್ ತೆಗೆದಿಡಬೇಕು. ಪರದೇಶದ ಮುದ್ರೆ ಇರುವ ಪುಟವನ್ನು ಕೌಂಟರಿನಲ್ಲೇ ತೋರಿಸಿ, ಅದಕ್ಕೆ ಧಕ್ಕೆಯಾಗದಂತೆ ಕೇಳಿಕೊಳ್ಳಬೇಕು. ರದ್ದಾದ ಪುಸ್ತಿಕೆಯನ್ನು ಮರೆಯದೆ ವಾಪಸ್ ಪಡೆದು ಹೊಸದರ ಜೊತೆಗೇ ಒಯ್ಯಬೇಕು. ಡೊಂಬಿವಲಿಯ ಕಪಾಟುಗಳಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಪಾಸ್‌ಪೋರ್ಟ್ ಕಟ್ಟುಗಳು ಹಿರಿಯರ ಹಳೆಯ ಅಭ್ಯಾಸವೆಂದು ಕಾಣಬಹುದು. ಸರ್ಕಾರವೊಂದು ತನ್ನ ಕಡತವನ್ನು ಕಳೆದುಕೊಂಡ ದಿನ ಉಳಿಯುವ ಸಾಕ್ಷಿ ಆ ಕಟ್ಟು ಮಾತ್ರ.